ಹವಾಲಿ ಮಾಡಿದ ಹಲ್ಲು

ನನ್ನ ಮೊಮ್ಮಗಳು ಭಾಗ್ಯಾಗೆ ಕಲಬುರಗಿಯ ಒಂದು ಪಾರ್ಸಲ್ ಆಫೀಸಿನಲ್ಲಿ ನೌಕರಿ ಸಿಕ್ಕಿದೆ. ಈ ಸುದ್ದಿಯನ್ನು ಕಮಲಾಪುರದ ನಮ್ಮ ಓಣಿಯಲ್ಲಿ ಎಲ್ಲರಿಗೂ ಎರಡೆರಡು ಸಲ ಹೇಳಿದ್ದೇನೆ. ಕಿವಿ ಮಂದವಾಗಿರುವ ಎದುರು ಮನೆಯ ಸಿದ್ದಮ್ಮನಿಗೆ ನಾಲ್ಕು ಸಲ ಹೇಳಿದೆ. ಅವಳು ನಾಲ್ಕು ಸಲವೂ ಹೊಸದಾಗಿ ಖುಷಿಪಟ್ಟಳು, ನನಗೂ ಅಷ್ಟೇ ಬೇಕಾಗಿತ್ತು. ಕೊರಳಲ್ಲಿ ಫೋಟೋ ಇರುವ ಪಟ್ಟಿ ತೂಗಿಸಿಕೊಂಡು ಹುಡುಗಿ ಬೆಳಿಗ್ಗೆ ಬಸ್ಸು ಹತ್ತುವುದನ್ನು ನೋಡಲು ದಿನಾ ಬಸ್ ನಿಲ್ದಾಣದವರೆಗೆ ಹೋಗುತ್ತೇನೆ. ಮೊಣಕಾಲು ಬೇಡ ಅನ್ನುತ್ತದೆ, ನಾನು ಅದರ ಮಾತು ಕೇಳುವುದಿಲ್ಲ.

ಅದೇ ಬಸ್ಸಿನಲ್ಲಿ, ಅದೇ ದಾರಿಯಲ್ಲಿ ನಾನು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಓಡಾಡಿದವಳು. ಕಮಲಾಪುರದ ಮಂದಿಯ ಸಾಮಾನನ್ನು ಕಲಬುರಗಿಗೆ, ಕಲಬುರಗಿಯ ಮಂದಿಯ ಸಾಮಾನನ್ನು ಕಮಲಾಪುರಕ್ಕೆ ಮುಟ್ಟಿಸುವುದು ನನ್ನ ಕೆಲಸ. ಹರಿದ ಚಪ್ಪಲಿ, ಹೊಲಿಯಲು ಕೊಟ್ಟ ಕುಪ್ಪಸ, ನೆಹರು ಗಂಜ್ ಮಾರುಕಟ್ಟೆಯಿಂದ ತೊಗರಿಬೇಳೆಯ ಮಾದರಿ, ಕೆಂಪು ಬಾಳೆಯ ಗೊನೆ, ಔಷಧದ ಬಾಟಲಿ, ಲಗ್ನಪತ್ರಿಕೆ, ಜಾತಕ, ಎಲ್ಲ ಹೊತ್ತಿದ್ದೇನೆ. ನನಗೆ ಆಫೀಸು ಇರಲಿಲ್ಲ, ಪಟ್ಟಿ ಇರಲಿಲ್ಲ. ಒಂದು ಕೈಚೀಲ ಇತ್ತು, ಜತೆಗೆ ಒಂದು ಮಾತು ಇತ್ತು. ಆ ಮಾತು ‘ಹವಾಲಿ’.

ಭಾಗ್ಯಾ ಕಳೆದ ವಾರ ಬಂದು ನನ್ನ ಮುಂದೆ ನೋಟ್‌ಬುಕ್ ಇಟ್ಟಳು.

“ಆಯಿ, ನಾವು ಹೊಸದಾಗಿ ಸೇರಿದವರು ಆರು ಮಂದಿ ಅದೀವಿ. ಮೂರು ದಿನ ಟ್ರೇನಿಂಗ್ ಕೊಟ್ಟಾರ. ಕಂಪ್ಯೂಟರ್ ಒತ್ತೋದು ಕಲಿಸ್ಯಾರ, ಸಾಮಾನು ಹಿಡಿಯೋದು ಯಾರೂ ಕಲಿಸಿಲ್ಲ. ನೀ ಬರದು ಕೊಡು.”

“ಹುಚ್ಚಿ, ನಾ ಓದಿದ್ದು ಮೂರನೇ ಇಯತ್ತೆ.”

“ಸಾಮಾನು ಹಿಡಿಯಾಕ ಎಷ್ಟನೇ ಇಯತ್ತೆ ಬೇಕು?” ಅಂದಳು.

ಹಾಗೆ ಕೇಳುವ ಮೊಮ್ಮಗಳಿದ್ದರೆ ಯಾರಾದರೂ ಬರೆಯುತ್ತಾರೆ. ನಾನು ಮಾಡಿದ ಒಳ್ಳೆಯ ಕೆಲಸಗಳನ್ನು ಬರೆದರೆ ನೀವು ಆರು ಮಂದಿ ಆಕಳಿಸುತ್ತೀರಿ. ಅದಕ್ಕೇ ನಾನು ಮಾಡಿದ ಅತಿ ದೊಡ್ಡ ತಪ್ಪನ್ನು ಬರೆಯುತ್ತೇನೆ. ಅದು ಒಂದು ಜತೆ ಹಲ್ಲಿನ ಕಥೆ. ನನ್ನ ಆ ತಪ್ಪಿನಿಂದ ಒಬ್ಬ ಮುತ್ಯಾ ತನ್ನ ಮೊಮ್ಮಗಳ ಮದುವೆಯಲ್ಲಿ ಸನಾದಿ ಊದುವುದು ತಪ್ಪಿಹೋಗುವುದರಲ್ಲಿತ್ತು. ಆದರೆ ಮೊದಲು ಹವಾಲಿ ಅಂದರೆ ಏನು ಅಂತ ತಿಳಿಯದಿದ್ದರೆ ನನ್ನ ತಪ್ಪು ನಿಮಗೆ ತಪ್ಪು ಅಂತಲೇ ಅನಿಸುವುದಿಲ್ಲ.

ಹವಾಲಿ ಅಂದರೆ ಕೊಡುವುದಲ್ಲ. ಕೊಟ್ಟದ್ದನ್ನು ತಗೊಂಡವರು ತಿನ್ನಬಹುದು, ಉಡಬಹುದು, ಮಾರಬಹುದು. ಹವಾಲಿ ಅಂದರೆ ಇಡುವುದೂ ಅಲ್ಲ. ಇಟ್ಟ ಸಾಮಾನು ಮೂಲೆಯಲ್ಲಿ ಧೂಳು ತಿನ್ನುತ್ತ ಬಿದ್ದಿರಬಹುದು. ಹವಾಲಿಯ ಸಾಮಾನು ನಿಮ್ಮ ಕೈಯಲ್ಲಿದ್ದೂ ನಿಮ್ಮದಲ್ಲ, ಒಡೆಯನದಾಗಿದ್ದೂ ಅವನ ಕೈಯಲ್ಲಿಲ್ಲ. ಅದರ ಮೇಲೆ ನಿಮಗಿರುವುದು ಒಂದೇ ಹಕ್ಕು, ಚಿಂತೆ ಮಾಡುವ ಹಕ್ಕು. ನೆಹರು ಗಂಜಿನ ಸಾವುಕಾರರು ಇದಕ್ಕೆ ಅಮಾನತ್ ಅನ್ನುತ್ತಿದ್ದರು, ಕಚೇರಿಯವರು ಸುಪರ್ದಿ ಅನ್ನುತ್ತಿದ್ದರು. ಈಗ ಭಾಗ್ಯಾಳ ಆಫೀಸಿನವರು ಜವಾಬ್ದಾರಿ ಅನ್ನುತ್ತಾರಂತೆ. ಜವಾಬ್ದಾರಿ ಒಳ್ಳೆಯ ಮಾತು. ಅದನ್ನು ಒಬ್ಬರು ಇನ್ನೊಬ್ಬರ ಮೇಲೆ ಹಾಕಿ ಮನೆಗೆ ಹೋಗಬಹುದು. ಹವಾಲಿಯಲ್ಲಿ ಆ ಅನುಕೂಲ ಇಲ್ಲ.

ಈ ಕೆಲಸ ನನಗೆ ಕಲಿಸಿದವಳು ನನ್ನ ಅತ್ತೆ. ಸಾಮಾನು ಕೊಡುವವರು ಒಂದು ಕಡೆ ಹಿಡಿಯಬೇಕು, ತಗೊಳ್ಳುವವರು ಇನ್ನೊಂದು ಕಡೆ ಹಿಡಿಯಬೇಕು. ಕೊಡುವವರು “ನಿನ್ನ ಹವಾಲಿ” ಅನ್ನಬೇಕು. ತಗೊಳ್ಳುವವರು “ನನ್ನ ಹವಾಲಿ” ಅನ್ನಬೇಕು. ಅಂದ ಮೇಲೆಯೇ ಕೊಟ್ಟವರ ಕೈ ಸರಿಯಬೇಕು. ಎರಡು ಮಾತಿನ ನಡುವೆ ಸಾಮಾನು ನಾಲ್ಕು ಕೈಯಲ್ಲಿ ಇರುತ್ತದೆ. “ನಾಕ್ ಕೈಯಾಗ ಇದ್ದಾಗ ಬಿದ್ರ ಇಬ್ಬರದೂ ತಪ್ಪು, ಎರಡು ಕೈಗಿ ಬಂದ ಮ್ಯಾಲ ಬಿದ್ರ ನಿನ್ನ ತಪ್ಪು” ಅಂತ ಅತ್ತೆ ಹೇಳುತ್ತಿದ್ದಳು. ಸೊಸೆಯ ತಪ್ಪು ಎಣಿಸುವುದರಲ್ಲಿ ಅವಳು ಮೊದಲಿನಿಂದಲೂ ಹುಷಾರಿ.

ಕಲಬುರಗಿಯ ಐವಾನ್-ಎ-ಶಾಹಿ ಕಡೆ ಒಂದು ದೊಡ್ಡ ಮನೆ ಇತ್ತು. ಆ ಮನೆಯ ಬಾಯಿಸಾಹೇಬರಿಗೆ ಈ ಮಾತು ಹೇಳಲು ನಾಚಿಕೆ. “ವರಾಂಡದಾಗ ಇಟ್ಟು ಹೋಗಬೇ” ಅಂತ ಒಳಗಿನಿಂದಲೇ ಹೇಳುತ್ತಿದ್ದರು. ನಾನು ಗಂಟು ಹಿಡಿದುಕೊಂಡು ಬಾಗಿಲಲ್ಲಿ ನಿಂತುಬಿಡುತ್ತಿದ್ದೆ. ಒಂದು ದಿನ ಅರ್ಧ ತಾಸು ನಿಂತೆ. ಕೊನೆಗೆ ಅವರು ಸಿಟ್ಟಿನಿಂದ ಹೊರಗೆ ಬಂದು, ಎರಡು ಬೆರಳಿನಿಂದ ಗಂಟು ಮುಟ್ಟಿ, ಇಂಗ್ಲಿಷಿನಲ್ಲಿ ಏನೋ ಒಂದು ಅಂದರು. ಭಾಷೆ ಯಾವುದಾದರೂ ನಡೆಯುತ್ತದೆ, ಬೆರಳು ಮಾತ್ರ ಎರಡು ಸಾಲದು ಅಂದೆ. ಮರುದಿನದಿಂದ ಅವರು ಎರಡೂ ಕೈ ಚಾಚಿದರು. ನನ್ನನ್ನು ಬೇಗ ಕಳಿಸುವುದಕ್ಕೆ ಅದೊಂದೇ ದಾರಿ ಅಂತ ಅವರಿಗೆ ಗೊತ್ತಾಗಿತ್ತು.

ಈಗ ನಿಮ್ಮ ಕೆಲಸದಲ್ಲಿ ಡಬ್ಬಿಯನ್ನು ಬಾಗಿಲ ಮುಂದೆ ಇಟ್ಟು ಫೋಟೋ ತೆಗೆದು ಹೋಗುತ್ತಾರಂತೆ. ಭಾಗ್ಯಾ ತೋರಿಸಿದಳು. ಫೋಟೋದಲ್ಲಿ ಬಾಗಿಲು ಚೆನ್ನಾಗಿ ಬಂದಿತ್ತು. ಬಾಗಿಲು “ನನ್ನ ಹವಾಲಿ” ಅಂದಿತೋ ಇಲ್ಲವೋ ಅದರಲ್ಲಿ ಕಾಣಲಿಲ್ಲ.

ಅತ್ತೆಯ ಎರಡನೇ ನಿಯಮ ಇನ್ನೂ ಕಠಿಣ. ಹವಾಲಿಯ ಸಾಮಾನನ್ನು ಬಿಚ್ಚಬಾರದು, ಒಳಗೆ ಏನಿದೆ ಅಂತ ಕೇಳಬಾರದು. ಅವರಾಗಿ ಹೇಳಿದರೆ ಕೇಳಿಸಿಕೊಂಡು ಮರೆಯಬೇಕು. ಈ ನಿಯಮ ಪಾಲಿಸಿ ಒಮ್ಮೆ ನಾನು ಇಡೀ ಬಸ್ಸಿಗೆ ನಗೆಪಾಟಲಾದೆ. ಬಾಯಿ ಹೊಲಿದ ಬಿದಿರಿನ ಬುಟ್ಟಿ ನನ್ನ ತೊಡೆಯ ಮೇಲಿತ್ತು. ಕಂಡಕ್ಟರ್ ಬಸವಂತಪ್ಪ ಬಂದು ನಿಂತ.

“ಜಗದೇವಕ್ಕ, ಬುಟ್ಟ್ಯಾಗ ಏನದ?”

“ನಂಗೇನ್ ಗೊತ್ತ್ರಿ? ಹವಾಲಿ ಅದ.”

“ಕೋಳಿ ಅದ ಏನ್ ಬೇ?”

“ಇರಬೌದು, ಇರಲಿಕ್ಕಿಲ್ಲ.”

“ಕೂಗಾಕತ್ತದಲ್ಲ!”

“ನಾ ಅಂತೂ ಕೇಳಿಸ್ಕೊಂಡಿಲ್ಲರಿ.”

ಬಸ್ಸಿನಲ್ಲಿದ್ದ ಐವತ್ತು ಮಂದಿಗೆ ಅದು ಕೋಳಿ ಅಂತ ಗೊತ್ತಿತ್ತು. ಗೊತ್ತಿಲ್ಲದವಳು ನಾನೊಬ್ಬಳೇ. ಬಸವಂತಪ್ಪ ಕೋಳಿಗೆ ಟಿಕೆಟ್ ಹರಿದುಕೊಟ್ಟ, ಟಿಕೆಟ್ಟನ್ನೂ ಬುಟ್ಟಿಯ ಸಂದಿಯಲ್ಲಿ ತುರುಕಿದ. ನನಗೆ ಮೇಲಧಿಕಾರಿ ಅಂತ ಯಾರೂ ಇರಲಿಲ್ಲ ಅಂದುಕೊಂಡಿದ್ದೀರಾ? ಈ ಬಸವಂತಪ್ಪನಂಥವರು ಇದ್ದರು. ಸಾಮಾನು ಕೊಟ್ಟ ಪ್ರತಿಯೊಬ್ಬರೂ ಇದ್ದರು. ನಿಮಗೆ ಒಬ್ಬ ಮ್ಯಾನೇಜರ್ ಇದ್ದಾನೆ ಅಂತ ದೂರುತ್ತೀರಿ. ನನಗೆ ಎರಡು ಊರು ಇದ್ದವು.

ಓದು ಬರಹ ಕಡಿಮೆ ಇದ್ದದ್ದರಿಂದ ನಾನು ಸಾಮಾನಿಗೆ ಹೆಸರು ಬರೆಯುತ್ತಿರಲಿಲ್ಲ, ದಾರ ಕಟ್ಟುತ್ತಿದ್ದೆ. ಒಂದೊಂದು ಮನೆಗೆ ಒಂದೊಂದು ಬಣ್ಣ. ಹಳದಿ ಕಿರಾಣಿ ಅಂಗಡಿ, ಕರಿ ದವಾಖಾನೆ, ಹಸಿರು ನಮ್ಮೂರ ಗೋದಾ ಕಾಕುವಿನ ಮನೆ, ಹೀಗೆ. ಬಣ್ಣ ಸಾಲದಾದಾಗ ಗಂಟಿನ ಎಣಿಕೆ ಇಟ್ಟೆ. ಆಮೇಲೆ ಚೀಟಿ ಬಂತು, ಫೋನು ಬಂತು. ಈಗ ಭಾಗ್ಯಾ ಕರಿ ಗೆರೆಗಳ ಮೇಲೆ ಕೆಂಪು ಬೆಳಕು ಹಾಯಿಸುತ್ತಾಳೆ, ಅದು ಕೀಂ ಅನ್ನುತ್ತದೆ. ಬಹಳ ಚಂದ. ನನ್ನ ದಾರ ಎಂದೂ ಕೀಂ ಅನ್ನಲಿಲ್ಲ. ಅಂದಿದ್ದರೆ ಈ ಕಥೆ ನಡೆಯುತ್ತಿರಲಿಲ್ಲ.

ಈಗ ಹಲ್ಲಿಗೆ ಬರುತ್ತೇನೆ.

ಮಲ್ಲಪ್ಪ ಮುತ್ಯಾ ಅಂತ ಕಮಲಾಪುರದಲ್ಲಿ ಸನಾದಿ ಊದುವವನಿದ್ದ. ಊರಲ್ಲಿ ಅವನು ಊದದೆ ಆದ ಮದುವೆ ಕಡಿಮೆ. ಹಲ್ಲೆಲ್ಲ ಬಿದ್ದ ಮೇಲೆ ಕಲಬುರಗಿಯ ಮೋಮಿನಪುರದಲ್ಲಿ ಹಲ್ಲು ಕಟ್ಟುವ ಖಾದರ್ ಚಾಚಾನ ಹತ್ತಿರ ಹಲ್ಲಿನ ಸೆಟ್ ಕಟ್ಟಿಸಿಕೊಂಡಿದ್ದ. ಸನಾದಿಯ ಪೀಪಿಯನ್ನು ತುಟಿಯಲ್ಲಿ ಹಿಡಿಯಬೇಕು, ತುಟಿಯ ಹಿಂದೆ ಆಸರೆಗೆ ಹಲ್ಲು ಬೇಕು. ಹಲ್ಲಿಲ್ಲದಿದ್ದರೆ ಬರೀ ಗಾಳಿ ಬರುತ್ತದೆ. ಅವನ ಮೊಮ್ಮಗಳು ಲಕ್ಷ್ಮಿಯ ಮದುವೆ ಸೋಮವಾರ ಮುಂಜಾನೆ ಅಂತ ನಿಶ್ಚಯವಾಗಿತ್ತು. ಶುಕ್ರವಾರ ಜಳಕ ಮಾಡುವಾಗ ಹಲ್ಲಿನ ಸೆಟ್ ಕಲ್ಲಿನ ಮೇಲೆ ಬಿದ್ದು ಎರಡು ಹೋಳಾಯಿತು.

ಮಲ್ಲಪ್ಪ ಮುತ್ಯಾನ ಮಗ ಲೆಕ್ಕಾಚಾರದ ಮನುಷ್ಯ. ಆ ಕೂಡಲೇ ಕಲಬುರಗಿಯ ಒಂದು ಬ್ಯಾಂಡ್ ಪಾರ್ಟಿಗೆ ಹೇಳಿಬಿಟ್ಟ. “ನಿನ್ನ ಹಲ್ಲು ಬಂದ್ರ ನೀ ಊದು, ಬರದಿದ್ರ ಅವರು ಬಾರಸ್ತಾರ” ಅಂದ. ಲಕ್ಷ್ಮಿ ಅರಿಷಿಣ ಹಚ್ಚಿದ ಮೈಯಲ್ಲೇ ಹೊರಗೆ ಬಂದು ಅಪ್ಪನಿಗೆ ಹೇಳಿದಳು: “ಊರ ಮಂದಿ ಹುಡುಗ್ಯಾರಿಗೆಲ್ಲ ಮುತ್ಯಾ ಊದ್ಯಾನ. ನಂಗ ಊದಲಿಲ್ಲಂದ್ರ ನಾ ಹಸಿಮಣಿ ಮ್ಯಾಲ ಕೂಡಂಗಿಲ್ಲ.” ಮುತ್ಯಾ ನನಗೆ ಹೇಳಿಕಳಿಸಿದ. ಒಂದು ಸ್ಟೀಲ್ ಡಬ್ಬಿಯಲ್ಲಿ ಎರಡು ಹೋಳು ಹಾಕಿ ನನ್ನ ಮುಂದೆ ಹಿಡಿದ.

“ನಿನ್ನ ಹವಾಲಿ, ಯವ್ವಾ.”

“ನನ್ನ ಹವಾಲಿ, ಮುತ್ಯಾ.”

ಶನಿವಾರ ಮೋಮಿನಪುರಕ್ಕೆ ಮುಟ್ಟಿಸಿದೆ. ಖಾದರ್ ಚಾಚಾ ಕನ್ನಡಕ ಏರಿಸಿ ಹೋಳುಗಳನ್ನು ನೋಡಿದ. “ಅಕ್ಕಾ, ಇದು ಬೀಳಲಿಲ್ಲ, ಶಹೀದ್ ಆಗ್ಯಾದ” ಅಂದ. ಕೆಲಸ ಮಾತ್ರ ಚೊಕ್ಕ. ಭಾನುವಾರ ಮಧ್ಯಾಹ್ನ ಹೋದಾಗ ಸೆಟ್ ಕೂಡಿಸಿ, ಒದ್ದೆ ಹತ್ತಿಯಲ್ಲಿ ಸುತ್ತಿ, ಡಬ್ಬಿಯಲ್ಲಿ ಹಾಕಿ, ಬಿಳಿ ಬಟ್ಟೆಯಲ್ಲಿ ಕಟ್ಟಿ ಇಟ್ಟಿದ್ದ. ನಾವಿಬ್ಬರೂ ಡಬ್ಬಿ ಹಿಡಿದು ಮಾತು ಮುಗಿಸಿದೆವು.

ಅಲ್ಲಿಂದ ಐವಾನ್-ಎ-ಶಾಹಿ ಕಡೆ ಸುಧಾಬಾಯಿಯ ಮನೆಗೆ ಹೋದೆ. ಸುಧಾಬಾಯಿ ಅಂದರೆ ನಮ್ಮ ಕಮಲಾಪುರದ ಗೋದಾ ಕಾಕುವಿನ ಮಗಳು. ಗೋದಾ ಕಾಕು ಊರಿಗೆಲ್ಲ ಕಾಕು, ಅಂದರೆ ಚಿಕ್ಕಮ್ಮ; ಒಬ್ಬಳೇ ಇರುವ ಮುದುಕಿ, ಜೋರಿನ ಹೆಂಗಸು, ಬಾಯಲ್ಲಿ ಒಂದೂ ಹಲ್ಲಿಲ್ಲ. ಮಗಳು ತಿಂಗಳಿಗೊಮ್ಮೆ ಏನಾದರೂ ಕಳಿಸುತ್ತಿದ್ದಳು. ಆ ದಿನವೂ ಒಂದು ಸ್ಟೀಲ್ ಡಬ್ಬಿ ಕೊಟ್ಟಳು. ಅದಕ್ಕೂ ಬಿಳಿ ಬಟ್ಟೆ ಸುತ್ತಿತ್ತು.

ದಾರ ಕಟ್ಟಲು ನೋಡಿದರೆ ಸೆರಗಿನ ಗಂಟಿನಲ್ಲಿ ದಾರದ ಉಂಡೆ ಇಲ್ಲ. ಎಲ್ಲೋ ಉದುರಿತ್ತು. ಇರಲಿ, ಎರಡೇ ಡಬ್ಬಿ ಅಲ್ಲವೇ ಅಂದುಕೊಂಡೆ. ಕೈಚೀಲದ ಎಡಗಡೆ ಮುತ್ಯಾನದು, ಬಲಗಡೆ ಕಾಕುವಿನದು ಇಟ್ಟೆ. ಇದು ಮೊದಲನೇ ತಪ್ಪು. ಬಸ್ಸು ತುಂಬಿತ್ತು. ಬಸವಂತಪ್ಪ ಆ ದಿನ ಎಂದೂ ಇಲ್ಲದ ಮರ್ಯಾದೆ ತೋರಿಸಿ, ನನ್ನ ಚೀಲವನ್ನು ತಾನೇ ಇಸಿದುಕೊಂಡು ಡ್ರೈವರ್ ಹಿಂದೆ ಇಟ್ಟ. ಕಮಲಾಪುರದಲ್ಲಿ ತಾನೇ ಎತ್ತಿ ಕೆಳಗೆ ಕೊಟ್ಟ. ಮೂವತ್ತು ವರ್ಷದಲ್ಲಿ ಅವನು ನನಗೆ ಮಾಡಿದ ಒಂದೇ ಉಪಕಾರ ಅದು. ಚೀಲ ಕೈಗೆ ಬಂದಾಗ ಅದರ ತೇಪೆ ನನ್ನ ಕಡೆ ಇತ್ತು. ಹತ್ತುವಾಗಲೂ ನನ್ನ ಕಡೆಯೇ ಇತ್ತೋ, ಆ ಕಡೆ ಇತ್ತೋ? ಎಷ್ಟು ನೆನೆಸಿಕೊಂಡರೂ ನೆನಪಾಗಲಿಲ್ಲ.

ಈಗ ನೀವು ಆರು ಮಂದಿಯೂ ಒಟ್ಟಿಗೆ ಹೇಳುತ್ತೀರಿ, ಬಿಚ್ಚಿ ನೋಡು ಮುದುಕಿ, ಅಂತ. ಬಟ್ಟೆಯ ಗಂಟು ಬಿಚ್ಚಿ ಮುಚ್ಚಳ ತೆರೆದರೆ ಒಂದು ಚಿಟಿಕೆಯಲ್ಲಿ ತಿಳಿಯುತ್ತಿತ್ತು. ಆದರೆ ಹವಾಲಿಯ ಡಬ್ಬಿ ಬಿಚ್ಚಬಾರದು. ಅತ್ತೆ ತೀರಿಕೊಂಡು ಹನ್ನೊಂದು ವರ್ಷವಾಗಿತ್ತು, ಆದರೂ ಬಸ್ ನಿಲ್ದಾಣದಲ್ಲಿ ನನ್ನ ಬೆನ್ನ ಹಿಂದೆಯೇ ನಿಂತಿದ್ದಳು. ಡಬ್ಬಿಗಳನ್ನು ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿದೆ. ಎರಡೂ ಸುಮ್ಮನಿದ್ದವು. ಮೂಸಿದೆ. ಎರಡಕ್ಕೂ ನನ್ನ ಚೀಲದ ವಾಸನೆ. ತೂಗಿದೆ. ಬಲಗೈಯದು ಭಾರ ಅನಿಸಿತು, ಕೈ ಬದಲಿಸಿದರೆ ಆಗಲೂ ಬಲಗೈಯದೇ ಭಾರ ಅನಿಸಿತು. ನಿಯಮ ಮುರಿಯುವ ಧೈರ್ಯವಿಲ್ಲದೆ ಅಂದಾಜಿನ ಮೇಲೆ ಹೊರಟೆ. ಇದು ಎರಡನೇ ತಪ್ಪು, ದೊಡ್ಡದು ಇದೇ.

ಗೋದಾ ಕಾಕುವಿನ ಮನೆ ಮೊದಲು ಸಿಕ್ಕಿತು. ಇಬ್ಬರೂ ಡಬ್ಬಿ ಹಿಡಿದೆವು. “ನಿಮ್ಮ ಹವಾಲಿ.” “ನನ್ನ ಹವಾಲಿ.” ಕೈ ಸರಿಸಿ ಮುಂದೆ ನಡೆದೆ.

ಮದುವೆ ಮನೆಯಲ್ಲಿ ನನ್ನನ್ನು ಕಾಯುತ್ತ ಹದಿನೈದು ಮಂದಿ ನಿಂತಿದ್ದರು. ಮಲ್ಲಪ್ಪ ಮುತ್ಯಾ ಸನಾದಿಯನ್ನು ಮೊದಲೇ ಒರೆಸಿ ತೊಡೆಯ ಮೇಲೆ ಇಟ್ಟುಕೊಂಡಿದ್ದ. ಲಕ್ಷ್ಮಿಯೂ ಬಂದು ಪಕ್ಕದಲ್ಲಿ ಕೂತಳು. ಎರಡೂ ಕೈಯಿಂದ ಡಬ್ಬಿ ತಗೊಂಡು, ಮಾತು ಹೇಳಿ, ಮುತ್ಯಾ ಮುಚ್ಚಳ ತೆಗೆದ.

ಒಳಗೆ ಕುಟ್ಟಿದ ಅಡಿಕೆ, ಬಡೇಸೋಪು. ಹಲ್ಲಿಲ್ಲದವರಿಗೆ ಅಂತ ಹುರಿದು ನುಣ್ಣಗೆ ಪುಡಿ ಮಾಡಿದ್ದು.

ಮುತ್ಯಾ ಪುಡಿಯಲ್ಲಿ ಬೆರಳಾಡಿಸಿದ. ಹಲ್ಲು ತಳದಲ್ಲಿ ಇರಬಹುದು ಅಂದುಕೊಂಡ. ತಳದಲ್ಲೂ ಪುಡಿ.

“ಖಾದರ್ ಚಾಚಾ ಭಾಳ ಸಣ್ಣಾಗಿ ರಿಪೇರಿ ಮಾಡ್ಯಾನ” ಅಂತ ಯಾರೋ ಹಿಂದಿನಿಂದ ಅಂದರು. ಮಂದಿ ನಕ್ಕರು. ಮುತ್ಯಾನ ಮಗ ನಗಲಿಲ್ಲ. “ಆತು, ಬ್ಯಾಂಡಿನವರಿಗಿ ಮುಂಜಾನಿ ಆರಕ್ಕೇ ಬರ್ರಿ ಅಂತೀನಿ” ಅಂದ. ಲಕ್ಷ್ಮಿ ಮುತ್ಯಾನ ತೋಳು ಹಿಡಿದುಕೊಂಡಳು. ಮುತ್ಯಾ ನನ್ನ ಕಡೆ ನೋಡಿ ಬೈದಿದ್ದರೆ ಹಗುರಾಗುತ್ತಿತ್ತು. ಅವನು ಸನಾದಿಯನ್ನು ಚೀಲದೊಳಗೆ ಸೇರಿಸಲು ಹೊರಟ.

“ಮುತ್ಯಾ, ಕಟ್ಟಬ್ಯಾಡ. ಒಂದ್ ತಾಸು ತಡಿ” ಅಂತ ಹೇಳಿ ಗೋದಾ ಕಾಕುವಿನ ಮನೆಗೆ ಓಡಿದೆ. ಓಡಿದೆ ಅಂತ ಬರೆದದ್ದನ್ನು ಭಾಗ್ಯಾ ನಂಬುವುದಿಲ್ಲ, ಆಗ ನನಗೆ ಮೊಣಕಾಲು ಇದ್ದವು.

ಗೋದಾ ಕಾಕು ಕಟ್ಟೆಯ ಮೇಲೆ ಕೂತಿದ್ದಳು. ಕೈಯಲ್ಲಿ ಸಣ್ಣ ಕನ್ನಡಿ. ಬಾಯಲ್ಲಿ ಮಲ್ಲಪ್ಪ ಮುತ್ಯಾನ ಹಲ್ಲು.

ಸುತ್ತ ನಾಲ್ಕು ಮಂದಿ ಹೆಂಗಸರು ಸೇರಿದ್ದರು. ಹಲ್ಲು ಅವಳ ಬಾಯಿಗಿಂತ ದೊಡ್ಡದು. ತುಟಿ ಮುಚ್ಚುತ್ತಿರಲಿಲ್ಲ, ಮಾತಾಡಿದರೆ ಸಿಳ್ಳೆ ಬರುತ್ತಿತ್ತು.

“ಅಗ್ಗಬಾಯಿ, ಜಗದೇವಿ, ನೋಡು! ಸುಧಾ ಕಳಸ್ಯಾಳ! ಎಷ್ಟ್ ವರ್ಷದಿಂದ ಕೇಳಾಕತ್ತಿದ್ದೆ, ಹಲ್ಲ್ ಕಟ್ಟಸ್ ಮಗಳs, ರೊಟ್ಟಿ ತಿಂದು ಸಾಯ್ತೀನಿ ಅಂತ. ಮಾತಾಡಲಾರದs ಕಳಸ್ಯಾಳ ನೋಡು. ಹೆತ್ತ ಹೊಟ್ಟಿ ತಣ್ಣಗಾತು.”

ಒಬ್ಬ ಹೆಂಗಸು ಒಳಗಿನಿಂದ ಕಟಕ್ ರೊಟ್ಟಿ ತಂದುಕೊಟ್ಟಿದ್ದಳು. ಅದರ ಒಂದು ತುಣುಕು ಕಾಕುವಿನ ಕೈಯಲ್ಲಿತ್ತು. ನಾನು ಏನು ಹೇಳಲಿ? ಆ ಹಲ್ಲು ಮಗಳು ಕಳಿಸಿದ್ದಲ್ಲ, ಮಗಳು ಕಳಿಸಿದ್ದು ಹಲ್ಲಿಲ್ಲದವರು ತಿನ್ನುವ ಪುಡಿ, ಅಂತ ನಾಲ್ಕು ಮಂದಿಯ ಎದುರಿಗೆ ಹೇಳಬೇಕಿತ್ತು. ಅಲ್ಲಿ ಒಬ್ಬ ಮುತ್ಯಾ ಸನಾದಿಯ ಚೀಲದ ಬಾಯಿ ಬಿಗಿಯುತ್ತಿದ್ದ, ಇಲ್ಲಿ ಒಬ್ಬ ತಾಯಿ ಕನ್ನಡಿ ನೋಡುತ್ತಿದ್ದಳು. ಎರಡೂ ನನ್ನ ಕೈಯಿಂದಲೇ ಆದದ್ದು. ಅದಲ್ಲದೆ ಕಾಕು “ನನ್ನ ಹವಾಲಿ” ಅಂದು ತಗೊಂಡಿದ್ದಳು. ಆ ಮಾತಿನ ಮೇಲೆ ಕಸಿದುಕೊಳ್ಳುವ ಹಾಗಿಲ್ಲ.

ಹೆಂಗಸರು ಅಡಿಗೆಗೆ ಹೊತ್ತಾಯಿತು ಅಂತ ಒಬ್ಬೊಬ್ಬರೇ ಎದ್ದುಹೋಗುವವರೆಗೆ ಕೂತೆ. ಆಮೇಲೆ ಮಾತು ತೆಗೆದೆ.

“ಕಾಕು, ಮಲ್ಲಪ್ಪ ಮುತ್ಯಾನ ಮೊಮ್ಮಗಳ ಮದುವಿ ನಾಳೆ.”

“ಗೊತ್ತದ.”

“ಅವನ ಹಲ್ಲಿನ ಸೆಟ್ ಮುರದದ. ಊದಾಕ ಬರಂಗಿಲ್ಲ.”

“ಪಾಪ.”

“ನಿಮ್ಮ ಹಲ್ಲು ಒಂದ್ ದಿನದ ಮಟ್ಟಿಗಿ ಕೊಡ್ತೀರೇನ್ರಿ?”

ಕಾಕು ಕನ್ನಡಿ ಕೆಳಗಿಟ್ಟಳು. “ನನ್ನ ಹಲ್ಲು ಅವನ ಬಾಯಿಗಿ ಹ್ಯಾಂಗ ಹೊಂದ್ತಾವ?”

“ಹೊಂದ್ತಾವ ಕಾಕು” ಅಂದೆ. “ಹೊಂದೇ ಹೊಂದ್ತಾವ.”

ಅವಳು ನನ್ನ ಮುಖ ನೋಡಿದಳು. ನಾನು ಕಟ್ಟೆಯ ಮೇಲೆ ಬಿದ್ದಿದ್ದ ರೊಟ್ಟಿಯ ಚೂರು ನೋಡಿದೆ. ಆಮೇಲೆ ಅವಳು ಎದ್ದು ಒಳಗೆ ಹೋದಳು. ನೀರಿನ ಸಪ್ಪಳ ಬಂತು. ಹೊರಗೆ ಬರುವಾಗ ತುಟಿ ಮತ್ತೆ ಒಳಗೆ ಸೇರಿತ್ತು, ಕೈಯಲ್ಲಿ ಡಬ್ಬಿ ಇತ್ತು.

“ಕೊಡಂಗಿಲ್ಲ” ಅಂದಳು. “ಹವಾಲಿ ಮಾಡ್ತೀನಿ. ಅದೂ ನಿನ್ನ ಕೈಗಿ ಅಲ್ಲ. ನಾನs ಬರ್ತೀನಿ, ನಡಿ.”

ಎರಡು ಓಣಿ ದಾಟಿ ಮದುವೆ ಮನೆಗೆ ಹೋದೆವು. ಅವಳು ನನಗೆ ಡಬ್ಬಿ ಮುಟ್ಟಲು ಬಿಡಲಿಲ್ಲ. ನಮ್ಮಿಬ್ಬರನ್ನೂ ನೋಡಿ ಮಂದಿ ದಾರಿ ಬಿಟ್ಟರು. ಕಾಕು ನೇರವಾಗಿ ಮಲ್ಲಪ್ಪ ಮುತ್ಯಾನ ಮುಂದೆ ನಿಂತಳು.

“ಮಲ್ಲಪ್ಪಾ, ಇದು ನನ್ನ ಮಗಳು ನಂಗ ಕಳಿಸಿದ್ದು. ನಾಳೆ ಒಂದ್ ದಿನ ನಿನ್ನ ಹವಾಲಿ. ಊದಿದ ಮ್ಯಾಲ ಸ್ವಚ್ಛ ತೊಳದು ನಾಡದು ಮುಂಜಾನಿ ನನ್ನ ಮನಿಗಿ ತರಬೇಕು.”

ಮುತ್ಯಾ ಮುಚ್ಚಳ ತೆಗೆದು ನೋಡಿದ. ಅವನೇ ಕಟ್ಟಿಸಿಕೊಂಡಿದ್ದ ಹಲ್ಲು, ಖಾದರ್ ಚಾಚಾ ಕೂಡಿಸಿದ ಗೆರೆ ನಡುವೆ ಕಾಣುತ್ತಿತ್ತು. “ಅಲ್ಲಬೇ, ಇವು...” ಅಂತ ಬಾಯಿ ತೆರೆದ. ನಾನು ಕಾಕುವಿನ ಹಿಂದೆ ನಿಂತು ಎರಡೂ ಕೈ ಮುಗಿದೆ. ಅವನು ನನ್ನನ್ನು ನೋಡಿದ, ಕಾಕುವಿನ ಖಾಲಿ ಬಾಯಿ ನೋಡಿದ, ಪಕ್ಕದಲ್ಲಿ ನಿಂತ ಲಕ್ಷ್ಮಿಯನ್ನು ನೋಡಿದ. ಮಗ ಏನೋ ಹೇಳಲು ಬಂದರೆ ಕೈಯಿಂದ ತಡೆದ. ಮುಚ್ಚಳ ಮುಚ್ಚಿ ಡಬ್ಬಿಯ ಆ ಕಡೆಯನ್ನು ಹಿಡಿದ.

“ನನ್ನ ಹವಾಲಿ, ಕಾಕು” ಅಂದ.

ತನ್ನ ಹಲ್ಲನ್ನು ತಾನೇ ಹವಾಲಿ ತಗೊಂಡ ಮನುಷ್ಯನನ್ನು ನಾನು ಅವನಿಗಿಂತ ಮೊದಲೂ ಕಂಡಿಲ್ಲ, ಆಮೇಲೂ ಕಂಡಿಲ್ಲ. ಹಲ್ಲನ್ನು ಉಪ್ಪಿನ ಬಿಸಿನೀರಿನಲ್ಲಿ ಮೂರು ಸಲ ತೊಳೆದರಂತೆ. ಆ ತೊಳೆಯುವಿಕೆಯ ವಿಷಯ ಮುತ್ಯಾನ ಮಗ ಇವತ್ತಿಗೂ ಹೇಳುತ್ತಾನೆ.

ಸೋಮವಾರ ಮಲ್ಲಪ್ಪ ಮುತ್ಯಾ ಊದಿದ. ಹಂದರದ ಕೆಳಗೆ ಕೂತು, ಮೊಮ್ಮಗಳು ಹಸೆಮಣೆಗೆ ಬಂದದ್ದರಿಂದ ಹಿಡಿದು ಅಕ್ಕಿಕಾಳು ಬೀಳುವವರೆಗೆ ಬಿಡದೆ ಊದಿದ. ಕಲಬುರಗಿಯ ಬ್ಯಾಂಡಿನವರು ಕೆಂಪು ಕೋಟು ಹಾಕಿಕೊಂಡು ಸಾಲಾಗಿ ಕೂತು ಹುಗ್ಗಿ ಉಂಡರು. ಗೋದಾ ಕಾಕು ಹೆಂಗಸರ ನಡುವೆ ಮುಂದಿನ ಸಾಲಿನಲ್ಲಿದ್ದಳು. ಮುತ್ಯಾ ಉಸಿರು ತಗೊಳ್ಳಲು ನಿಲ್ಲಿಸಿದಾಗೆಲ್ಲ ಪಕ್ಕದವರಿಗೆ ಹೇಳುತ್ತಿದ್ದಳು, “ಹಲ್ಲು ನಂದs ಅವ” ಅಂತ.

ಮಂಗಳವಾರ ಮುಂಜಾನೆ ನಾನು ಬಸ್ಸಿಗೆ ಹೋಗುವ ಮೊದಲು ಕಾಕುವಿನ ಮನೆಗೆ ಹೋದೆ. ನಿಜ ಹೇಳಿ ತಪ್ಪು ಒಪ್ಪಿಕೊಳ್ಳಬೇಕು ಅಂತ ಹೋದದ್ದು. ನನಗಿಂತ ಮೊದಲು ಮಲ್ಲಪ್ಪ ಮುತ್ಯಾ ಅಲ್ಲಿದ್ದ. ಮೊಮ್ಮಗಳನ್ನು ಗಂಡನ ಮನೆಗೆ ಕಳಿಸಿ ಸೀದಾ ಬಂದಿದ್ದ. ಸನಾದಿಯ ಚೀಲ ಹೆಗಲಲ್ಲೇ ಇತ್ತು. ಬಾಯಿ ಖಾಲಿ, ಕೈಯಲ್ಲಿ ಎರಡು ಡಬ್ಬಿ.

“ನಿಮ್ಮ ಹವಾಲಿ, ಕಾಕು” ಅಂತ ಹಲ್ಲಿನ ಡಬ್ಬಿ ಮುಂದೆ ಹಿಡಿದ. ಹಲ್ಲಿಲ್ಲದೆ ಮಾತು ತೊದಲಿತು.

“ನನ್ನ ಹವಾಲಿ ಬಂತು” ಅಂತ ಕಾಕು ಎರಡೂ ಕೈಯಿಂದ ತಗೊಂಡಳು. ತೆರೆದು ಒಂದು ಸಲ ನೋಡಿ ಮುಚ್ಚಿದಳು. “ಇನ್ನೊಂದರಾಗ ಏನದ?”

ಮುತ್ಯಾ ನನ್ನ ಕಡೆ ನೋಡಿದ. ಕಾಕು ತಾನೇ ಆ ಡಬ್ಬಿ ಕಸಿದುಕೊಂಡು ಮುಚ್ಚಳ ತೆಗೆದು, ಒಂದು ಚಿಟಿಕೆ ಪುಡಿ ಬಾಯಿಗೆ ಹಾಕಿಕೊಂಡಳು. ಕಣ್ಣು ಮುಚ್ಚಿ ಚಪ್ಪರಿಸಿದಳು.

“ಇದು ಸುಧಾ ಹುರಿದದ್ದು” ಅಂದಳು. “ಉಪ್ಪು ಜಾಸ್ತಿ. ಸಣ್ಣಾಕಿ ಇದ್ದಾಗಿಂದ ಹಂಗs.”

“ಕಾಕು, ನಿಮಗ ಮೊದಲs ಗೊತ್ತಿತ್ತೇನ್ರಿ?” ಅಂತ ಕೇಳಿದೆ.

“ಬಾಯಾಗ ಹಾಕ್ಕೊಂಡ ಕೂಡ್ಲೇ ಗೊತ್ತಾತು. ಗಂಡಸಿನ ದವಡಿ ಅದು, ನನ್ನ ಬಾಯಾಗ ಹ್ಯಾಂಗ ಕೂಡ್ತದ? ಆದ್ರ ನಾಕ್ ಮಂದಿ ಎದುರಿಗಿ ಮಗಳು ಕಳಸ್ಯಾಳ ಅಂದುಬಿಟ್ಟಿದ್ದೆ. ಒಂದ್ ತಾಸು ಹಂಗs ಇರಲಿ ಅಂದೆ. ನೀ ಓಡಿ ಬಂದಿ. ನಂಗ ಆ ಒಂದ್ ತಾಸೂ ಸಿಗಲಿಲ್ಲ.”

ಬೈಗುಳವೇ ಇರಬೇಕು, ಆದರೆ ಅವಳು ನಗುತ್ತಿದ್ದಳು. ಆಮೇಲೆ ಹಲ್ಲಿನ ಡಬ್ಬಿ ಎತ್ತಿ ಮಲ್ಲಪ್ಪ ಮುತ್ಯಾನ ಅಂಗೈಯಲ್ಲಿ ಇಟ್ಟಳು. ಮುತ್ಯಾ ರೂಢಿಯ ಪ್ರಕಾರ ಎರಡೂ ಕೈಯಿಂದ ಹಿಡಿದು “ನನ್ನ ಹವಾ...” ಅಂದ. ಕಾಕು ತಡೆದಳು. ತನ್ನ ಕೈಯನ್ನು ಆಗಲೇ ಹಿಂದಕ್ಕೆ ತಗೊಂಡಿದ್ದಳು.

“ಹವಾಲಿ ಅಲ್ಲೋ ಮಲ್ಲಪ್ಪಾ. ಈಗ ಕೊಟ್ಟೀನಿ.”

ಮುತ್ಯಾ ಡಬ್ಬಿ ಹಿಡಿದು ನಿಂತ. ಹವಾಲಿಗೆ ತಿರುಗಿ ಹೇಳುವ ಮಾತು ಇದೆ, ಕೊಟ್ಟದ್ದಕ್ಕೆ ಏನು ಹೇಳಬೇಕು ಅಂತ ಅವನಿಗೂ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ. ಅವನು ಬಚ್ಚಲಿಗೆ ಹೋಗಿ ಬಾಯಿ ಮುಕ್ಕಳಿಸಿ ಹಲ್ಲು ಹಾಕಿಕೊಂಡು ಬಂದ. ಕಟ್ಟೆಯ ಮೇಲೆ ಕೂತು ಚೀಲದಿಂದ ಸನಾದಿ ತೆಗೆದ. ಊದತೊಡಗಿದ.

ನನ್ನ ಬಸ್ಸು ತಪ್ಪಿಹೋಯಿತು. ಓಣಿಯ ಕಿಟಕಿಗಳು ತೆರೆದವು, ಬಾಗಿಲುಗಳಲ್ಲಿ ಮಂದಿ ನಿಂತರು. ಒಬ್ಬಳು ಕೂಸನ್ನು ಎತ್ತಿಕೊಂಡು ಬಂದು ಏನು ಕಾರ್ಯ ಅಂತ ಕೇಳಿದಳು. ಗೋದಾ ಕಾಕು ಬಾಯಲ್ಲಿ ಇನ್ನೊಂದು ಚಿಟಿಕೆ ಪುಡಿ ಹಾಕಿಕೊಂಡು, ಸೆರಗು ಸರಿಮಾಡಿಕೊಂಡು, ಕೆಂಪಗಾದ ಮುಖದಲ್ಲಿ ಅವನ ಮೊಣಕೈ ಹಿಡಿದು ಅಲುಗಾಡಿಸಿದಳು.

“ಸಾಕು ಬಿಡೋ ಮಾರಾಯಾ! ಓಣಿ ಮಂದಿ ನಂದs ಮದುವಿ ಅಂತ ತಿಳೀತಾರ!”